ಪುಲ್ಲಿಯ ಮೇಲಿನ ಗೀರು

ಮೂರನೆಯ ಅಂಗಿಯ ಕಾಲರಿಗೆ ಸೋಪು ತಿಕ್ಕಿ, ಅದನ್ನು ಕಲ್ಲಿನ ಮೇಲೆ ಹರವಿ, ಬ್ರಷ್ಷು ಹಿಡಿದು ಗ್ರೀಸಿನ ಕಲೆಯ ಜೊತೆ ಅತ್ತಿಗೆ ಜಗಳಕ್ಕೆ ನಿಂತಿದ್ದಾಗ ಬೀದಿಯ ತುದಿಯಿಂದ ಆ ಸದ್ದು ಬಂತು. ಮೊದಲು ಒಂದು ಟಪ್. ಆಮೇಲೆ ಟಪ್ ಟಪ್. ಆಮೇಲೆ, ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಒಂದೇ ನೆಗೆತಕ್ಕೆ ಮಾಯವಾಗುವಂಥ ಒಂದು ಢಂ.

ಅವಳ ಕೈ ನಿಂತಿತು. ನೊರೆ ಮೊಣಕೈಯವರೆಗೆ ಇಳಿದು ತೊಟ್ಟಿಕ್ಕುತ್ತಿತ್ತು. ಗಾಡಿ ಏರು ಹತ್ತುವಾಗ ಸುಮ್ಮನಿತ್ತು. ಈಚೆ ಇಳಿಜಾರಿಗೆ ಬಂದು, ಓಡಿಸುವವರು ಪೆಡಲಿನಿಂದ ಕಾಲೆತ್ತಿದ ಕೂಡಲೇ ಸಿಡಿಯತೊಡಗಿತ್ತು. ಮುಂದಿನಿಂದಲ್ಲ, ಹಿಂದಿನಿಂದ, ಅಂದರೆ ಕಾರ್ಬುರೇಟರ್ ಕೆಮ್ಮುತ್ತಿಲ್ಲ, ಸೈಲೆನ್ಸರ್ ಗುಂಡು ಹಾರಿಸುತ್ತಿದೆ. ಇಷ್ಟನ್ನು ಅವಳ ಕಿವಿ ತಾನಾಗಿಯೇ ವಿಂಗಡಿಸಿ ಇಟ್ಟಿತು. ಆದರೆ ಕೈ ನಿಂತದ್ದು ಅದಕ್ಕಲ್ಲ. ಈ ಸದ್ದನ್ನು ಅವಳು ಮೊದಲೊಮ್ಮೆ ಕೇಳಿದ್ದಳು. ಕೇಳಿ ಹನ್ನೊಂದು ವರ್ಷವಾಗಿತ್ತು.

ಕೈ ಒರೆಸಿಕೊಂಡು ಷೆಡ್ಡಿನ ಮುಂಬಾಗಿಲಿಗೆ ಬರುವಷ್ಟರಲ್ಲಿ ಕೆನೆಬಣ್ಣದ ಹಳೇ ಕಾರು ಇನ್ನೊಂದು ಟಪ್ ಅಂದು ನಿಂತೇ ಬಿಟ್ಟಿತ್ತು. ದುಂಡು ದೀಪ, ಉಬ್ಬಿದ ಕೆನ್ನೆ, ಹೊಳೆಯುವ ಬಂಪರು. ಒಳಗಿಂದ ಇಳಿದವರು ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಅವರ ಹೆಸರು ಅದೇ, ದನಿಯೂ ಅದೇ.

"ಅತ್ತಿಗೇ, ನಿಮ್ಮ ಬೀದಿಯವರು ನನ್ನನ್ನ ಡಕಾಯಿತೆ ಅಂದ್ಕೊಂಡ್ರು ಕಣ್ರೀ! ಒಬ್ಬೊಬ್ಬರೂ ಬಾಗಿಲು ಹಾಕ್ಕೊಂಡ್ರು. ಒಬ್ಬಾತ ಸೈಕಲ್ ಬಿಟ್ಟು ಓಡಿದ."

ಒಳಗಿಂದ ಯಜಮಾನರು ಬಂದರು. ಅತ್ತಿಗೆಯ ಗಂಡ, ಷೆಡ್ಡಿನ ಒಡೆಯ. ನಲವತ್ತು ವರ್ಷ ಎಂಜಿನ್ನುಗಳ ಬಾಯಿಗೆ ತಲೆ ಕೊಟ್ಟು ಕೊಟ್ಟು ಈಗ ಅವರಿಗೆ ಕಿವಿ ಮಂದ. "ಏನಂತೆ?" ಅಂದರು.

"ಗುಂಡು ಹೊಡೀತಿದೆಯಂತೆ!" ಅತ್ತಿಗೆ ಅವರ ಕಿವಿಗೆ ಬಾಯಿಟ್ಟು ಕೂಗಿದಳು.

"ಕೂಗ್ಬೇಡ, ಅದು ನಂಗೂ ಕೇಳಿಸ್ತು. ನಂಗೇ ಕೇಳಿಸಿದೆ ಅಂದ್ರೆ ಪಕ್ಕದ ಊರಿಗೂ ಕೇಳಿಸಿರುತ್ತೆ." ಅಷ್ಟು ಹೇಳಿ ಅವರು ಕಾರಿನ ಕಡೆ ನೋಡಿದರು, ಗುರುತು ಹತ್ತಿತು, ಮುಖ ಸಣ್ಣದಾಯಿತು. "ಓ. ಇದಾ."

"ಇದೇ," ಅಂದರು ಹೆಡ್‌ಮಿಸ್. "ಹನ್ನೊಂದು ವರ್ಷ ಹೊದಿಕೆ ಹೊದ್ದು ಮಲಗಿತ್ತು. ಈಗ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಗುಡ್ಡದ ಆಚೆ ಇದಾಳೆ, ವಾರಕ್ಕೆರಡು ಸಲ ಹೋಗ್ಬೇಕು. ಟ್ಯಾಂಕು, ಬ್ರೇಕು, ಟೈರು ಎಲ್ಲ ಬೇರೆ ಕಡೆ ಮಾಡಿಸ್ದೆ. ಎಂಜಿನ್ನಿಗೆ ಮಾತ್ರ ಅವರು ಕೈ ಹಾಕಲಿಲ್ಲ. 'ಇದು ನಿಮ್ಮಷ್ಟೇ ವಯಸ್ಸಿನದು ಮೇಡಂ, ನಮಗೆ ಗೊತ್ತಾಗಲ್ಲ' ಅಂದ್ರು. ಮಾತು ನೋಡಿ ಹೇಗಿದೆ!"

*

ಅತ್ತಿಗೆಯನ್ನು ಅತ್ತಿಗೆ ಎಂದು ಕರೆಯುವ ಹಕ್ಕಿದ್ದದ್ದು ಲೋಕದಲ್ಲಿ ಒಬ್ಬನಿಗೆ, ಅವಳ ಮೈದುನನಿಗೆ. ಅಣ್ಣ ತಮ್ಮ ಇಬ್ಬರೂ ಸೇರಿ ಷೆಡ್ಡು ನಡೆಸುತ್ತಿದ್ದ ಕಾಲದಲ್ಲಿ ಅವನು ದಿನಕ್ಕೆ ನೂರು ಸಲ "ಅತ್ತಿಗೆ, ಹತ್ತರ ಸ್ಪ್ಯಾನರ್ ಕೊಡು", "ಅತ್ತಿಗೆ, ಈ ಪ್ಲಗ್ ನೋಡು" ಎನ್ನುತ್ತಿದ್ದದ್ದನ್ನು ಕೇಳಿ ಕೇಳಿ ಗಿರಾಕಿಗಳ ಬಾಯಿಗೂ ಅದೇ ಬಂತು. ಆಮೇಲೆ ತರಕಾರಿಯವನಿಗೆ, ಅಂಚೆಯವನಿಗೆ. ಒಂದು ದಿನ ಯಜಮಾನರೇ ಮೈಮರೆತು "ಅತ್ತಿಗೆ ಎಲ್ಲಿ?" ಎಂದು ಕೇಳಿದಾಗ ಮೈದುನ ಕಾರಿನ ಕೆಳಗೆ ಮಲಗಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕು, ತಲೆಯನ್ನು ಕಾರಿನ ತಳಕ್ಕೆ ಬಡಿಸಿಕೊಂಡಿದ್ದ.

ಅವಳಿಗೆ ಕೆಲಸ ಕಲಿಸಿದವನು ಅವನೇ. ಯಜಮಾನರು ಒಳ್ಳೆಯ ಕೆಲಸಗಾರರೇ, ಆದರೆ ಕಲಿಸುವ ತಾಳ್ಮೆ ಇಲ್ಲ. ಒಂದು ಸಲ ಹೇಳಿ ಎರಡನೆಯ ಸಲಕ್ಕೆ ತಾವೇ ಕಿತ್ತುಕೊಂಡು ಮಾಡುವವರು. ಮೈದುನ ಹಾಗಲ್ಲ. ಎಂಜಿನ್ ಚಾಲೂ ಮಾಡಿ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿ, "ಕಣ್ಣು ಮುಚ್ಚು. ಈಗ ಹೇಳು, ಇದು ಆರಾಮಾಗಿ ನಡೀತಿದೆಯಾ, ಇಲ್ಲ ಬಿಗಿ ಚಪ್ಪಲಿ ಹಾಕ್ಕೊಂಡು ನಡೀತಿದೆಯಾ?" ಎಂದು ಕೇಳುವವನು. ಅವಳು ತಪ್ಪು ಹೇಳಿದರೆ ನಗುತ್ತಿರಲಿಲ್ಲ. ಸರಿ ಹೇಳಿದರೆ ಅಣ್ಣನಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದ.

ಓದು ಬರಹವೂ ಅವನಿಂದಲೇ. ಹತ್ತಿರದಲ್ಲಿ ದೊಡ್ಡವರಿಗೆ ಸಂಜೆ ಶಾಲೆ ಶುರುವಾಯಿತೆಂದು ಎಲ್ಲಿಂದಲೋ ಕೇಳಿ ಬಂದವನು, "ಅತ್ತಿಗೆ, ಹೋಗು" ಅಂದ. ಸಂಜೆಯ ಹೊತ್ತಿಗೇ ಷೆಡ್ಡಿನಲ್ಲಿ ಅವಳ ಕೆಲಸ: ಪ್ಲಗ್ಗು ಉಜ್ಜುವುದು, ನಟ್ಟು ಬೋಲ್ಟು ವಿಂಗಡಿಸುವುದು, ನಾಳೆಯ ಸಾಮಾನು ಜೋಡಿಸುವುದು. ಆಮೇಲೆ ಅಡುಗೆ. "ಅದೆಲ್ಲ ಯಾರು ಮಾಡ್ತಾರೆ?" ಅಂದಳು. "ನಾನು ಮಾಡ್ತೀನಿ." ಮಾಡಿದ. ಮೂರು ವರ್ಷ, ವಾರಕ್ಕೆ ಐದು ಸಂಜೆ. ಅವನು ಬೇಯಿಸಿದ್ದನ್ನು ಯಜಮಾನರು "ಇದಕ್ಕಿಂತ ಗ್ರೀಸೇ ರುಚಿ" ಎಂದು ಬೈದುಕೊಂಡೇ ಉಂಡರು. ಮೊದಲ ದಿನ ಅವಳನ್ನು ಬಿಡಲು ಎಣ್ಣೆ ಅಂಗಿಯಲ್ಲೇ ಶಾಲೆಗೆ ಹೋದವನನ್ನು ಮೇಷ್ಟರು ಹೊಸ ವಿದ್ಯಾರ್ಥಿ ಅಂದುಕೊಂಡು ಹಲಗೆ ಕೊಟ್ಟು ಕೂರಿಸಿದ್ದರು. ಇವನು ಒಂದು ಗಂಟೆ ಕೂತು, ಅಕ್ಷರ ತಿದ್ದಿ, "ಚೆನ್ನಾಗಿ ಬರೀತೀಯ" ಅನ್ನಿಸಿಕೊಂಡೇ ಬಂದ.

ಹೀಗಿರುವಾಗ ಹೆಡ್‌ಮಿಸ್ಸರ ಕಾರು ಬಂತು. ಎಂಜಿನ್ ತಡವರಿಸುತ್ತಿತ್ತು. ಮೈದುನ ಒಂದು ಸಂಜೆ ಕೂತು, ಕಿವಿಯಿಂದಲೇ ಟೈಮಿಂಗ್ ಕೂರಿಸಿದ. ಟೈಮಿಂಗ್ ಅಂದರೆ ಇಷ್ಟೇ: ಪಿಸ್ಟನ್ ಮೇಲೇರಿ ತುದಿ ಮುಟ್ಟುವುದಕ್ಕೆ ಒಂದು ಚೂರು ಮೊದಲು ಪ್ಲಗ್ಗಿನ ಕಿಡಿ ಹಾರಬೇಕು. ಬೇಗ ಹಾರಿದರೆ ಎಂಜಿನ್ನಿನ ಹೊಟ್ಟೆ ಒಡೆಯುತ್ತದೆ, ತಡವಾದರೆ ಉರಿದು ಮುಗಿಯಬೇಕಾದ ಪೆಟ್ರೋಲು ಅರೆಬೆಂದದ್ದೇ ಸೈಲೆನ್ಸರಿಗೆ ನುಗ್ಗಿ ಅಲ್ಲಿ ಸಿಡಿಯುತ್ತದೆ. ಆ ಸಂಜೆ ಶಾಲೆಗೆ ರಜೆ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದಳು. ಅವನು ತಿರುಗಿಸಿ ತಿರುಗಿಸಿ ಒಂದು ಕಡೆ ನಿಲ್ಲಿಸಿದಾಗ ಎಂಜಿನ್ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದಂತೆ ಹಗುರಾಯಿತು. "ಕೇಳಿಸ್ತಾ?" ಅಂದ. "ಹ್ಞೂಂ," ಅಂದಳು.

ಮರುದಿನ ಯಜಮಾನರು ಹೊಸದಾಗಿ ತಂದ ಟೈಮಿಂಗ್ ಲೈಟು ಹಿಡಿದರು. ಎಂಜಿನ್ನಿನ ಮುಂದೆ ಬೆಲ್ಟು ಸುತ್ತಿಸುವ ಪುಲ್ಲಿ ಎಂಬ ಚಕ್ರ ಇರುತ್ತದೆ. ಅದರ ಅಂಚಿನ ಮೇಲೆ ತಯಾರಿಸಿದವರೇ ಕೊರೆದ ಒಂದು ಗೀರು. ಆ ಗೀರು ಪಕ್ಕದಲ್ಲಿರುವ ಅಂಕಿ ಪಟ್ಟಿಯ ಎಷ್ಟನೆಯ ಮನೆಯಲ್ಲಿ ನಿಂತಿದೆ ಎಂದು ಮಿಂಚುವ ಬೆಳಕಿನಲ್ಲಿ ಕಾಣುತ್ತದೆ. ಲೈಟನ್ನು ತಾವು ಹಿಡಿದು, "ಓದು" ಅಂದರು ಯಜಮಾನರು. ಅವಳು ಬಗ್ಗಿ ಓದಿದಳು. ಹತ್ತರಲ್ಲಿ ನಿಲ್ಲಬೇಕಾದ ಗೀರು ಪಟ್ಟಿಯನ್ನೇ ದಾಟಿ ಎಲ್ಲೋ ಇತ್ತು.

"ಕುರುಡು ಕೆಲಸ!" ಎಂದು ಯಜಮಾನರು ತಾವೇ ಅದನ್ನು ಸರಿಯಾಗಿ ಹತ್ತಕ್ಕೆ ಕೂರಿಸಿದರು. ವಾರದೊಳಗೆ ಕಾರು ಸಿಡಿಯುವುದಕ್ಕೆ ಶುರುವಾಯಿತು. ಶಾಲೆಯ ಗೇಟಿನ ಎದುರು, ಮಕ್ಕಳೆಲ್ಲ ಹೊರಬರುವ ಹೊತ್ತಿಗೆ, ಸೈಲೆನ್ಸರಿನ ಹೊಟ್ಟೆಯೇ ಬಿರಿದು ಬಿತ್ತು. ಹೆಡ್‌ಮಿಸ್ ನೇರ ಷೆಡ್ಡಿಗೆ ಬಂದರು. ನಾಲ್ಕು ಜನ ಗಿರಾಕಿಗಳ ಮುಂದೆ ಯಜಮಾನರು ತಮ್ಮನತ್ತ ಬೆರಳು ಮಾಡಿದರು: "ಇವನು ಟೈಮಿಂಗ್ ಎಲ್ಲೋ ಇಟ್ಟು ಒಂದು ಸಂಜೆ ಓಡಿಸಿದ. ಒಳಗೆ ಏನೋ ಹಾಳಾಗಿದೆ. ನಾನು ಸರಿ ಮಾಡಿದ್ರೂ ಅದು ಸರಿ ಹೋಗ್ತಿಲ್ಲ."

"ನಾನಿಟ್ಟಿದ್ದೇ ಸರಿ ಇತ್ತು," ಅಂದ ಮೈದುನ.

"ಇವಳನ್ನೇ ಕೇಳು. ಇವಳೇ ಓದಿದ್ದು."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಕಂಡದ್ದನ್ನು ಹೇಳಿದಳು. "ಗೀರು ಹತ್ತರಲ್ಲಿ ಇರಲಿಲ್ಲ."

ಮೈದುನ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಆ ವಾರವೇ ಹೊರಟುಹೋದ. ದೂರದ ಪಟ್ಟಣದಲ್ಲಿ ನೀರಿನ ಪಂಪು ರಿಪೇರಿಯ ಅಂಗಡಿ ಹಾಕಿಕೊಂಡ. ಹೆಡ್‌ಮಿಸ್ ಹೊಸ ಸೈಲೆನ್ಸರ್ ಹಾಕಿಸಿ, ಧೈರ್ಯ ಸಾಲದೆ ಕಾರಿಗೆ ಹೊದಿಕೆ ಹೊದೆಸಿದರು. ಎರಡು ತಿಂಗಳಿಗೆ ಅತ್ತಿಗೆಯ ಹೆಸರಿಗೆ ಒಂದು ಕಾಗದ ಬಂತು. ಅವಳ ಹೆಸರಿಗೆ ಬಂದು, ಅವಳೇ ಒಡೆದು, ಅವಳೇ ಓದಿದ ಮೊದಲ ಕಾಗದ. ನಾಲ್ಕೇ ಸಾಲು. "ಅತ್ತಿಗೆ, ನೀನು ಕಣ್ಣಲ್ಲಿ ಕಂಡಿದ್ದು ಹೇಳಿದೆ, ಅದು ನಿಜ. ಹಿಂದಿನ ಸಂಜೆ ಕಿವಿಯಲ್ಲಿ ಕೇಳಿದ್ದು ಯಾಕೆ ಹೇಳಲಿಲ್ಲ? ಅದೊಂದು ಬರಿ. ಸಾಕು."

ಆಮೇಲೆ ಫೋನಿನಲ್ಲಿ ಮಾತುಕತೆ ಇಲ್ಲವೆಂದೇನಲ್ಲ. ಯಾರಿಗೋ ಹುಷಾರಿಲ್ಲ, ಯಾರೋ ಹೋದರು ಎಂಬಾಗ ಚೆನ್ನಾಗಿದ್ದೀರಾ, ಚೆನ್ನಾಗಿದ್ದೀವಿ. ಆದರೆ ಆ ಕಾಗದಕ್ಕೆ ಉತ್ತರ ಹೋಗಲಿಲ್ಲ. "ಪ್ರೀತಿಯ ಮೈದುನನಿಗೆ ಅತ್ತಿಗೆ ಮಾಡುವ ಆಶೀರ್ವಾದಗಳು" ಎಂದು ಎಷ್ಟು ಹಾಳೆಯ ಮೇಲೆ ಬರೆದಿದ್ದಾಳೋ ಲೆಕ್ಕವಿಲ್ಲ. ಅಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಅಂಕಿ ನಿಜವಾದರೆ ಅವಳ ಕಿವಿ ಸುಳ್ಳು. ಕಿವಿ ನಿಜವಾದರೆ ಅವಳು ಆ ದಿನ ಮಾಡಿದ್ದು ಏನು? ಎರಡರಲ್ಲಿ ಯಾವುದೆಂದು ತಿಳಿಯದೆ ಬರೆಯುವುದಾದರೂ ಏನನ್ನು?

ಈಗ ಅದನ್ನು ತಿಳಿಯಬಹುದಾದ ಒಂದೇ ಒಂದು ವಸ್ತು ಬಾಗಿಲ ಮುಂದೆ ಬಂದು ನಿಂತಿತ್ತು.

*

"ಕಾರ್ಬುರೇಟರ್," ಅಂದರು ಯಜಮಾನರು, ಬಾನೆಟ್ ಎತ್ತುವುದಕ್ಕೂ ಮೊದಲೇ.

"ಮೊದಲು ನೋಡೋಣ," ಅಂದಳು ಅತ್ತಿಗೆ.

ಅವಳು ಅವಸರ ಮಾಡಲಿಲ್ಲ. ನಾಲ್ಕು ಪ್ಲಗ್ಗನ್ನೂ ಕಳಚಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದಳು. ಕಾರ್ಬುರೇಟರ್ ಬೆರೆಸುವ ಪೆಟ್ರೋಲು ಹೆಚ್ಚಾಗಿದ್ದರೆ ಮೂತಿ ಕಪ್ಪಗೆ ಮಸಿಯಾಗಿರುತ್ತದೆ, ಗಾಳಿ ಹೆಚ್ಚಾಗಿದ್ದರೆ ಸುಣ್ಣದಂತೆ ಬೆಳ್ಳಗಿರುತ್ತದೆ. ಇವು ನಾಲ್ಕೂ ಚಹಾದ ಬಣ್ಣಕ್ಕಿದ್ದವು. ಯಜಮಾನರ ಮೂಗಿನ ಕೆಳಗೆ ಹಿಡಿದಳು. "ನಿಮ್ಮ ಕಾರ್ಬುರೇಟರ್ ಪಾಪ, ಸಾಧು."

"ಇರ್ಲಿ, ಒಂದು ಸಲ ತೊಳೆಯೋಣ."

"ಸ್ನಾನ ಮಾಡಿದವನಿಗೆ ಯಾಕೆ ಸ್ನಾನ?"

ಹೆಡ್‌ಮಿಸ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾ ಇಬ್ಬರನ್ನೂ ನೋಡುತ್ತಿದ್ದರು. "ನಂಗೆ ಟಿ.ವಿ. ಬೇಡ," ಅಂದರು.

ಆಮೇಲೆ ವಾಲ್ವುಗಳ ಸಂದು ಅಳೆದಾಯಿತು. ಒಂದು ಕೂದಲೆಳೆ ಬಿಗಿಯಿತ್ತು, ಸರಿಮಾಡಿದಳು. ಎಂಜಿನ್ ಚಾಲೂ ಮಾಡಿಸಿ, ಒದ್ದೆ ಬಟ್ಟೆಯ ಮುದ್ದೆಯಿಂದ ಸೈಲೆನ್ಸರಿನ ಬಾಯಿಯನ್ನು ಅರೆ ಮುಚ್ಚಿ ಹಿಡಿಯುವಂತೆ ಯಜಮಾನರಿಗೆ ಹೇಳಿದಳು. ಹೊಗೆಗೆ ಹಿಂದೆ ದಾರಿ ಇಲ್ಲದಾದಾಗ ಬೇರೆ ಎಲ್ಲಿ ಬಿರುಕಿದ್ದರೂ ಅಲ್ಲಿಂದ ಉಸಿರು ಬಿಡುತ್ತದೆ. ಬಾನೆಟ್ಟಿನೊಳಗೆ ತಲೆಯಿಟ್ಟು ಕೇಳಿದಳು. ಎಂಜಿನ್ನಿಗೆ ಹೊಗೆಯ ಕೊಳವೆ ಸೇರುವ ಕಡೆ, ಮೂರನೆಯ ಕವಲಿನಲ್ಲಿ, ಚುಸ್, ಚುಸ್, ಚುಸ್. ಸೋಪಿನ ನೊರೆ ಹಚ್ಚಿದಳು, ಗುಳ್ಳೆ ಎದ್ದಿತು. ಅಲ್ಲಿನ ಸಂದು ಮುಚ್ಚುವ ತೆಳು ಹಾಳೆ, ಗ್ಯಾಸ್ಕೆಟ್, ಹೋಗಿತ್ತು. ಕಾಲೆತ್ತಿದಾಗ ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿದರೂ ಟಪ್ ಅನ್ನುತ್ತದೆ.

ಯಜಮಾನರ ಮುಖ ಅರಳಿತು. "ನೋಡಿದ್ಯಾ! ಗ್ಯಾಸ್ಕೆಟ್! ಅವನದ್ದೂ ತಪ್ಪಲ್ಲ, ನನ್ನದೂ ತಪ್ಪಲ್ಲ. ಮುಗೀತು."

ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದರು. ಸಂಜೆಯ ಬೆಳಕಿರುವಾಗಲೇ ಅತ್ತಿಗೆ ಪಕ್ಕದಲ್ಲಿ ಕೂತು, ಹೆಡ್‌ಮಿಸ್ ಏರಿನವರೆಗೆ ಓಡಿಸಿ ಬಂದರು. ಇಳಿಜಾರಿನಲ್ಲಿ ಮೊದಲಿನ ಢಂ ಇರಲಿಲ್ಲ. ಬರೀ ಒಂದೆರಡು ಟಪ್, ನಾಲಿಗೆ ಲೊಟ್ಟೆ ಹೊಡೆದಷ್ಟು.

"ಸಾಕು ಬಿಡಿ ಅತ್ತಿಗೆ," ಅಂದರು ಹೆಡ್‌ಮಿಸ್. "ಇಷ್ಟಾದ್ರೆ ಯಾರೂ ಬಾಗಿಲು ಹಾಕ್ಕೊಳ್ಳಲ್ಲ. ಏರಲ್ಲಿ ಸ್ವಲ್ಪ ಏದುಸಿರು ಬಿಡುತ್ತೆ, ನಾನೂ ಬಿಡ್ತೀನಿ."

ಅತ್ತಿಗೆಗೂ ಸಾಕೆನ್ನಿಸಿತು. ನಿಜ ಹೇಳಬೇಕೆಂದರೆ ಸಾಕೆನ್ನಿಸಲಿ ಎಂದು ಬಯಸಿದಳು. ಗ್ಯಾಸ್ಕೆಟ್ ಎಷ್ಟು ಒಳ್ಳೆಯ ಉತ್ತರ! ಯಾರ ಮನಸ್ಸೂ ನೋಯುವುದಿಲ್ಲ. ಕಾರಿನಿಂದಿಳಿದು, ಕೊನೆಯದಾಗಿ ಒಮ್ಮೆ ನೋಡಲೆಂದು ಬಾನೆಟ್ ಎತ್ತಿದಳು. ಒಳಗೆ ನೆರಳಿತ್ತು. ಆ ನೆರಳಿನಲ್ಲಿ ಎಂಜಿನ್ನಿನಿಂದ ಹೊರಡುವ ಕೊಳವೆಯ ಬುಡ ಮಂಕಾಗಿ, ಒಲೆಯ ಕೊನೆಯ ಕೆಂಡದ ಹಾಗೆ, ಕೆಂಪಗಿತ್ತು.

ಅಷ್ಟು ಸಣ್ಣ ಓಡಾಟಕ್ಕೆ ಅಷ್ಟು ಬಿಸಿ! ಬೆಂಕಿ ಒಳಗೆ ಉರಿದು ಮುಗಿಯುತ್ತಿಲ್ಲ, ಹೊರಗೆ ಬಂದು ಉರಿಯುತ್ತಿದೆ. ಕಿಡಿ ತಡ.

"ನಾಳೆ ಒಂದು ದಿನ ಕಾರು ಇಲ್ಲೇ ಇರ್ಲಿ ಮೇಡಂ," ಅಂದಳು. ದನಿ ತನ್ನದೇ ಅಲ್ಲವೇನೋ ಅನ್ನಿಸಿತು.

*

ಮರುದಿನ ಬೆಳಿಗ್ಗೆ ಯಜಮಾನರೇ ಲೈಟು ಹಿಡಿದರು. "ತಡ ಅಂತೆ, ತಡ! ಓದು." ಗೀರು ಸರಿಯಾಗಿ ಹತ್ತರಲ್ಲಿ, ಬರೆ ಎಳೆದಂತೆ ನಿಂತಿತ್ತು. "ನಾನು ಕೂರಿಸಿದ್ದು. ಹನ್ನೊಂದು ವರ್ಷ, ಒಂದು ಕೂದಲು ಕದಲಿಲ್ಲ!" ಎಂದು ಎದೆಯುಬ್ಬಿಸಿದರು.

"ಕದಲಿಲ್ಲ," ಅಂದಳು ಅತ್ತಿಗೆ. "ಲೈಟ್ ಆರಿಸಿ."

"ಯಾಕೆ?"

"ಆರಿಸಿ ಅಂದೆ."

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಸಡಿಲಿಸಿದಳು. ಎಂಜಿನ್ ನಡೆಯುತ್ತಿತ್ತು. ಕಣ್ಣು ಮುಚ್ಚಿ, ಎರಡು ಬೆರಳಿನಲ್ಲಿ ಅದನ್ನು ಕೂದಲೆಳೆಯಷ್ಟು ತಿರುಗಿಸಿದಳು. ಎಂಜಿನ್ ಬಿಗಿ ಚಪ್ಪಲಿ ಹಾಕಿಕೊಂಡು ನಡೆಯುತ್ತಿತ್ತು. ಇನ್ನಷ್ಟು. ಈಗ ಒಂದು ಬಾರು ಬಿಚ್ಚಿದಂತೆ. ಇನ್ನೂ ಒಂದಿಷ್ಟು. ಸದ್ದು ಮೇಲೇರಿತು, ದುಂಡಗಾಯಿತು, ಬರಿಗಾಲಾಯಿತು. ಸ್ವಲ್ಪ ಮುಂದೆ ಹೋದಳು, ಒರಟಾಯಿತು, ಹಿಂದೆ ಬಂದಳು. ಅಲ್ಲಿ ನಿಲ್ಲಿಸಿದಳು. ಹನ್ನೊಂದು ವರ್ಷದ ಹಿಂದೆ ಆ ಸಂಜೆ ಕೇಳಿದ್ದು ಇದನ್ನೇ.

ಕಣ್ಣು ಬಿಟ್ಟಾಗ ಯಜಮಾನರು ಕಾರಿನ ಮುಂಗೆನ್ನೆಯ ಮೇಲೆ ಅಂಗೈ ಊರಿ ನಿಂತಿದ್ದರು. ಅವರಿಗೆ ಈಗ ಕಿವಿಗಿಂತ ಅಂಗೈಯೇ ಹೆಚ್ಚು ಹೇಳುತ್ತದೆ.

"ಏನು ಮಾಡ್ದೆ?" ಅಂದರು. "ನಡುಕ ನಿಂತುಹೋಯ್ತು."

"ಈಗ ಲೈಟ್ ಹಿಡೀರಿ."

ಹಿಡಿದರು. ಗೀರು ಪಟ್ಟಿಯನ್ನು ದಾಟಿ ಎಲ್ಲೋ ಇತ್ತು. ಆ ದಿನ ಎಲ್ಲಿತ್ತೋ ಅಲ್ಲೇ.

ಎಂಜಿನ್ ತನ್ನ ಪಾಡಿಗೆ ತಾನು ಗುನುಗುತ್ತಿತ್ತು. ಕೊನೆಗೆ ಯಜಮಾನರು, "ಗೀರು ಲೋಹದಲ್ಲಿ ಕೊರೆದದ್ದು ಕಣೇ. ಅದು ಹೇಗೆ ಸುಳ್ಳು ಹೇಳುತ್ತೆ?" ಅಂದರು. ಸಿಟ್ಟಿರಲಿಲ್ಲ. ದಾರಿ ಕೇಳುವ ದನಿ.

"ಹಾಗಾದ್ರೆ ಪಿಸ್ಟನ್ನನ್ನೇ ಕೇಳೋಣ."

ಇದೂ ಮೈದುನ ಕಲಿಸಿದ್ದೇ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಪ್ಲಗ್ಗುಗಳನ್ನು ತೆಗೆದು, ಮೊದಲನೆಯ ಕುಳಿಯಲ್ಲಿ ಒಂದು ತೆಳ್ಳನೆಯ ಮರದ ಕಡ್ಡಿ ಇಳಿಬಿಟ್ಟಳು. ಕೆಳಗಿನಿಂದ ಯಜಮಾನರು ಸ್ಪ್ಯಾನರಿನಲ್ಲಿ ಪುಲ್ಲಿಯನ್ನು ನಿಧಾನವಾಗಿ ತಿರುಗಿಸಿದರು. ಪಿಸ್ಟನ್ ಏರಿದಂತೆ ಕಡ್ಡಿಯೂ ಏರಿತು. ತುದಿಯಲ್ಲಿ ಕಡ್ಡಿ ಕೊಂಚ ಹೊತ್ತು ಅಲ್ಲಾಡದೆ ನಿಲ್ಲುತ್ತದೆ, ಅದರಲ್ಲಿ ನಟ್ಟನಡು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಕಡ್ಡಿಯ ಮೇಲೆ ಒಂದು ಗೆರೆ ಹಾಕಿ, ಏರುವಾಗ ಆ ಗೆರೆ ಕುಳಿಯ ಬಾಯಿಗೆ ಬಂದಲ್ಲಿ, ಅಂಕಿ ಪಟ್ಟಿಯ ಸೊನ್ನೆಯ ನೇರಕ್ಕೆ, ಪುಲ್ಲಿಯ ಅಂಚಿಗೆ ಒಂದು ಸೀಮೆಸುಣ್ಣದ ಚುಕ್ಕೆ. ದಾಟಿ ಇಳಿಯುವಾಗ ಅದೇ ಗೆರೆ ಅದೇ ಬಾಯಿಗೆ ಬಂದಲ್ಲಿ ಇನ್ನೊಂದು ಚುಕ್ಕೆ. ಎರಡು ಚುಕ್ಕೆಗಳ ನಡುವೆ ಕಾಗದದ ಪಟ್ಟಿ ಸುತ್ತಿ, ಅದನ್ನು ಮಡಚಿ ಸಮಭಾಗ ಮಾಡಿದರೆ ಪಿಸ್ಟನ್ನಿನ ನಿಜವಾದ ತುದಿ. ಗೀರು ಇರಬೇಕಾದದ್ದು ಅಲ್ಲೇ.

ಮೂರು ಸಲ ಮಾಡಿದರು. ಮೂರು ಸಲವೂ ಒಂದೇ ಉತ್ತರ. ನಿಜವಾದ ತುದಿಗೂ ಕೊರೆದ ಗೀರಿಗೂ ಕಿರುಬೆರಳಿನ ಅಗಲದಷ್ಟು ಅಂತರ.

ಅತ್ತಿಗೆ ಟಾರ್ಚು ಹಿಡಿದು ಪುಲ್ಲಿಯ ಹತ್ತಿರಕ್ಕೆ ಮುಖ ತಂದಳು. ಪುಲ್ಲಿ ಒಂದೇ ತುಂಡಲ್ಲ. ನಡುವೆ ಒಂದು ಗಾಲಿ, ಹೊರಗೆ ಒಂದು ಉಂಗುರ, ಎರಡಕ್ಕೂ ಮಧ್ಯೆ ನಡುಕ ತಡೆಯಲು ರಬ್ಬರಿನ ಪದರ. ಉಗುರಿನಿಂದ ಕೆರೆದಳು. ರಬ್ಬರು ಪುಡಿಪುಡಿಯಾಗಿ ಉದುರಿತು. ಬೆಲ್ಟಿನ ಎಳೆತಕ್ಕೆ ಹೊರಗಿನ ಉಂಗುರ ಯಾವತ್ತೋ, ಈ ಷೆಡ್ಡಿಗೆ ಬರುವ ಮೊದಲೇ, ಹಿಂದಕ್ಕೆ ಜಾರಿ ಹಾಗೇ ಕಚ್ಚಿಕೊಂಡು ಕೂತಿತ್ತು. ಗೀರು ಇದ್ದದ್ದು ಆ ಉಂಗುರದ ಮೇಲೆ.

ಯಜಮಾನರು ಕೆಳಗಿಂದ ಎದ್ದು ಬಂದು ನೋಡಿದರು. ತಾವೂ ಉಗುರು ಹಾಕಿ ಕೆರೆದರು. ಆಮೇಲೆ ಹೋಗಿ ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡರು. ಅತ್ತಿಗೆ ಅವರನ್ನು ಅವರ ಪಾಡಿಗೆ ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ತಾನೂ ಹೋಗಿ ಪಕ್ಕದಲ್ಲಿ ಕೂತಳು.

"ಅವನಿಗೆ ಗೊತ್ತಿತ್ತಾ?" ಅಂದರು.

"ಗೀರು ಜಾರಿದೆ ಅಂತ ಗೊತ್ತಿರಲಿಲ್ಲ. ಎಂಜಿನ್ ಆರಾಮಾಗಿದೆ ಅಂತ ಗೊತ್ತಿತ್ತು."

"ನಿಂಗೆ?"

ಅವಳು ಕಿವಿಯ ಹತ್ತಿರ ಬಗ್ಗಿ, ಕೂಗದೆ, ನಿಧಾನವಾಗಿ ಹೇಳಿದಳು. "ನಂಗೂ ಗೊತ್ತಿತ್ತು."

ಯಜಮಾನರು ಸ್ಟೀರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿನಲ್ಲಿ ಒರೆಸಿದರು. "ನಾಲ್ಕು ಜನರ ಮುಂದೆ ಹಾಗಂದ್ನಲ್ಲೇ ನಾನು," ಅಂದರು. ಮತ್ತೆ, "ಫೋನ್ ಮಾಡು ಅವನಿಗೆ. ನಾನು ಮಾಡಿದ್ರೆ ಅವನು ಬೈದಿದ್ದೂ ಕೇಳಿಸಲ್ಲ, ಅತ್ತಿದ್ದೂ ಕೇಳಿಸಲ್ಲ."

"ಫೋನ್ ಬೇಡ. ಅವನು ಕಾಗದದಲ್ಲಿ ಕೇಳಿದ್ದ."

"ಯಾವ ಕಾಗದ?"

ಅವಳು ಒಳಗೆ ಹೋಗಿ ಸಂಜೆ ಶಾಲೆಯ ಹಳೇ ನೋಟುಪುಸ್ತಕದೊಳಗಿನಿಂದ ಅದನ್ನು ತಂದು ಕೊಟ್ಟಳು. ಯಜಮಾನರು ತೋಳುದ್ದ ದೂರ ಹಿಡಿದು ಓದಿದರು. ನಾಲ್ಕು ಸಾಲಿಗೆ ಬಹಳ ಹೊತ್ತು ಹಿಡಿಯಿತು. "ಹನ್ನೊಂದು ವರ್ಷ ಇದನ್ನ ಇಟ್ಕೊಂಡು ನಂಗೆ ಊಟ ಬಡಿಸಿದ್ಯಾ?" ಅಂದರು.

"ನೀವು ಕೇಳಲಿಲ್ಲ."

"ನಂಗೆ ಕಿವಿ ಕೇಳಲ್ಲ," ಅಂದರು ಯಜಮಾನರು. ಇಬ್ಬರಿಗೂ ಒಟ್ಟಿಗೇ ನಗು ಬಂತು. ನಕ್ಕು ಕಣ್ಣೊರೆಸಿಕೊಂಡರು.

*

ಮಧ್ಯಾಹ್ನ ಷೆಡ್ಡಿನ ಬೆಂಚಿನ ಮೇಲೆ ಸಾಮಾನು ಸರಿಸಿ, ಹಳೇ ಪತ್ರಿಕೆ ಹಾಸಿ, ಅತ್ತಿಗೆ ಬರೆಯಲು ಕೂತಳು. "ಪ್ರೀತಿಯ ಮೈದುನನಿಗೆ ಅತ್ತಿಗೆ ಮಾಡುವ ಆಶೀರ್ವಾದಗಳು." ಪೆನ್ನು ನಿಲ್ಲಲಿಲ್ಲ.

"ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಆ ಸಂಜೆ ಎಂಜಿನ್ ಚೆನ್ನಾಗಿ ನಡೆದದ್ದನ್ನು ನಾನು ಕೇಳಿದ್ದೆ. ಮರುದಿನವೂ ಹೇಳಲಿಲ್ಲ, ಎಲ್ಲರ ಮುಂದೆ ಕೇಳಿದಾಗಲೂ ಹೇಳಲಿಲ್ಲ. ಹೆದರಿಕೊಂಡು ಅಲ್ಲ. ಅಂಕಿ ಅಕ್ಷರ ನನಗಿನ್ನೂ ಹೊಸದು. ನಿಮ್ಮಣ್ಣ 'ಓದು' ಅಂದಾಗ ನನಗೆ ಹಿಗ್ಗಾಯಿತು. ಅಚ್ಚಾದದ್ದು, ಕೊರೆದದ್ದು ಎಲ್ಲ ಸತ್ಯ ಅಂದುಕೊಂಡೆ. ನನ್ನ ಕಿವಿ ಅಕ್ಷರ ಬಾರದವಳ ಕಿವಿ, ಅದರ ಮಾತು ಎಷ್ಟರದ್ದು ಅಂತ ಸುಮ್ಮನಾದೆ. ಓದಲು ಕಳಿಸಿದವನು ನೀನು. ಕೇಳಲು ಕಲಿಸಿದವನೂ ನೀನು. ಒಂದನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟೆ. ಇದಕ್ಕಾಗಿ ನಿನ್ನ ಕ್ಷಮೆ ಕೇಳುತ್ತೇನೆ.

"ಕಾರು ಮತ್ತೆ ಬಂದಿದೆ. ಪುಲ್ಲಿಯ ಹೊರ ಉಂಗುರ ಜಾರಿತ್ತು. ನಾವು ಅಳೆದ ಕಾಗದದ ಪಟ್ಟಿಯನ್ನೇ ಇದರೊಳಗೆ ಇಟ್ಟಿದ್ದೇನೆ. ಒಂದು ಗೆರೆ ಕೊರೆದ ಗೀರು, ಇನ್ನೊಂದು ನಿಜವಾದ ತುದಿ. ನೀನಿಟ್ಟದ್ದೇ ಸರಿ ಇತ್ತು.

"ಇನ್ನೊಂದು ವಿಷಯ. ನೀನು ಮೂರು ವರ್ಷ ನನ್ನ ಪಾಲಿನ ಪ್ಲಗ್ಗು ಉಜ್ಜಿದೆ, ಅಡುಗೆ ಸೀಯಿಸಿದೆ. ಅದರಿಂದ ಈ ಹಾಳೆಯನ್ನು ಯಾರ ಸಹಾಯವೂ ಇಲ್ಲದೆ ನಾನೇ ಬರೆಯುತ್ತಿದ್ದೇನೆ. ಔಷಧಿ ಚೀಟಿ ಓದಿಕೊಳ್ಳುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ದಿನಾ ಪತ್ರಿಕೆ ಓದಿ ನಿಮ್ಮಣ್ಣನಿಗೆ ಕೂಗಿ ಹೇಳುತ್ತೇನೆ. ಇದನ್ನೆಲ್ಲ ಮಾಡುವಾಗ ಒಂದು ದಿನವೂ ನಿನ್ನನ್ನು ನೆನೆಯದೆ ಇದ್ದದ್ದಿಲ್ಲ. ಆ ನೆನಪನ್ನು ನಿನಗೆ ತಲುಪಿಸದೆ ನಾನೇ ಇಟ್ಟುಕೊಂಡಿದ್ದೆ. ಅದು ಟೈಮಿಂಗಿಗಿಂತ ದೊಡ್ಡ ತಪ್ಪು."

ಯಜಮಾನರು ಹಿಂದೆ ಬಂದು ನಿಂತು ಓದುತ್ತಿದ್ದರು. "ನನ್ನದೊಂದು ಸಾಲು ಹಾಕು."

"ನೀವೇ ಹಾಕಿ, ಕೈ ಇದೆಯಲ್ಲ."

ಅವರು ಪೆನ್ನು ತೆಗೆದುಕೊಂಡು ಬೆಂಚಿಗೆ ಬಗ್ಗಿದರು. ಎರಡು ಸಲ ಗಂಟಲು ಸರಿಮಾಡಿಕೊಂಡರು, ಬರೆಯುವುದಕ್ಕೂ ಗಂಟಲು ಬೇಕೆಂಬಂತೆ. ಕೊನೆಗೆ ಬರೆದದ್ದು ಇಷ್ಟು: "ಚಿಕ್ಕೋನೆ, ಕುರುಡು ಕೆಲಸ ನನ್ನದು. ನಾಲ್ಕು ಜನರ ಮುಂದೆ ಅಂದದ್ದನ್ನು ನಾಲ್ಕು ಜನರ ಮುಂದೆಯೇ ವಾಪಸ್ ತಗೋತೀನಿ. ಬಾ. ನಿಮ್ಮಣ್ಣ."

ಹೆಡ್‌ಮಿಸ್ ಕಾರು ಒಯ್ಯಲು ಬಂದಾಗ ಯಜಮಾನರು ಪುಲ್ಲಿಯ ಮೇಲೆ ಅರದಿಂದ ಸದ್ಯಕ್ಕೊಂದು ಹೊಸ ಗೀರು ಹಾಕಿ, ಬಿಳಿ ಬಣ್ಣ ತುಂಬುತ್ತಿದ್ದರು. "ಮೇಡಂ," ಅಂದರು, ಎದ್ದು ನಿಂತು, "ಹನ್ನೊಂದು ವರ್ಷದ ಹಿಂದೆ ನನ್ನ ತಮ್ಮ ನಿಮ್ಮ ಕಾರನ್ನ ಸರಿ ಮಾಡಿದ್ದ. ಕೆಡಿಸಿದವನು ನಾನು. ಉಂಗುರ ಜಾರಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ಹೊಸ ಪುಲ್ಲಿ ಹುಡುಕಿ ತರಿಸ್ತೀನಿ, ಬಂದ ದಿನ ಹಾಕ್ತೀನಿ, ಅಲ್ಲೀವರೆಗೆ ಗುಡ್ಡಕ್ಕೆ ಮೆಲ್ಲಗೆ ಹೋಗಿ."

ಹೆಡ್‌ಮಿಸ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಒಬ್ಬರ ಮುಂದೆ ಒಪ್ಪಿಕೊಂಡ್ರಿ. ಇನ್ನು ಉಳಿದ ಮೂರು ಗಿರಾಕಿಗಳನ್ನ ಹುಡುಕ್ಬೇಕಲ್ಲ ನೀವು!" ಅಂದವರು, ಮರುಗಳಿಗೆಯೇ ಮೆತ್ತಗಾಗಿ, "ಆ ಹುಡುಗ ಹೋಗುವಾಗ ನನ್ನ ಹತ್ತಿರ ಬಂದಿದ್ದ. 'ಮೇಡಂ, ಕಾರು ಮಾರಬೇಡಿ, ಅದರಲ್ಲೇನೂ ಕೆಟ್ಟಿಲ್ಲ' ಅಂದ. ಅದಕ್ಕೇ ಇಟ್ಕೊಂಡೆ," ಅಂದರು.

ಅತ್ತಿಗೆ ಲಕೋಟೆಗೆ ಗೋಂದು ಹಚ್ಚಿದಳು.

ಪರೀಕ್ಷೆಯ ಓಡಾಟಕ್ಕೆ ಮೂವರೂ ಹೊರಟರು. ಹೆಡ್‌ಮಿಸ್ ಸ್ಟೀರಿಂಗಿನಲ್ಲಿ, ಅತ್ತಿಗೆ ಪಕ್ಕದಲ್ಲಿ, ಯಜಮಾನರು ಹಿಂದಿನ ಸೀಟಿನಲ್ಲಿ ಅಂಗೈ ಊರಿಕೊಂಡು. ಏರನ್ನು ಕಾರು ಏದುಸಿರಿಲ್ಲದೆ ಹತ್ತಿತು. ತುದಿಯಲ್ಲಿ ಹೆಡ್‌ಮಿಸ್ ಹಲ್ಲು ಕಚ್ಚಿ, ಭುಜ ಕುಗ್ಗಿಸಿ, ಪೆಡಲಿನಿಂದ ಕಾಲೆತ್ತಿದರು. ಇಳಿಜಾರು ಶುರುವಾಯಿತು. ಬೇಕರಿ ದಾಟಿತು, ದರ್ಜಿಯ ಅಂಗಡಿ ದಾಟಿತು. ಬೀದಿಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

"ಸಿಡೀತಾ?" ಹಿಂದಿನಿಂದ ಯಜಮಾನರು ಕೇಳಿದರು.

"ಇಲ್ಲ!"

"ಏನು?"

"ಇಲ್ಲಾ ರೀ!" ಹೆಂಗಸರಿಬ್ಬರೂ ಒಟ್ಟಿಗೆ ಕೂಗಿದರು. ಈಗ ಬೀದಿಯೆಲ್ಲ ತಿರುಗಿ ನೋಡಿತು.

"ಅಂಚೆ ಕಚೇರಿ ಹತ್ತಿರ ಒಂದು ಸ್ವಲ್ಪ ನಿಲ್ಲಿಸ್ತೀರಾ ಮೇಡಂ?" ಅಂದಳು ಅತ್ತಿಗೆ.

ಒಳಗೆ ಎತ್ತರದ ಕಟ್ಟೆ, ಜಾಲರಿ, ಗೋಂದಿನ ವಾಸನೆ. ಕಿಟಕಿಯಲ್ಲಿದ್ದ ಗುಮಾಸ್ತೆ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, "ಮಾಮೂಲಿ ಹೋಗ್ಲಾ ಅಜ್ಜಿ, ಅರ್ಜೆಂಟಾ?" ಎಂದು ಕೇಳಿದಳು.

"ಹನ್ನೊಂದು ವರ್ಷದಿಂದ ಅರ್ಜೆಂಟು," ಅಂದಳು ಅತ್ತಿಗೆ.

ಗುಮಾಸ್ತೆ ತಲೆಯೆತ್ತಿ ನೋಡಿದಳು. ವಿಳಾಸವನ್ನು ಒಮ್ಮೆ ಗಟ್ಟಿಯಾಗಿ ಓದಿ, "ಅಕ್ಷರ ದುಂಡಗಿದೆ," ಅಂದಳು. ಚೀಟಿ ಅಂಟಿಸಿ, ಮುದ್ರೆಯೊತ್ತಿ, ಹಿಂದೆ ಬಾಯ್ತೆರೆದು ನೇತಾಡುತ್ತಿದ್ದ ಚೀಲಕ್ಕೆ ಕಾಗದವನ್ನು ಹಾಕಿದಳು.